ಡಿಸ್ಕ್ ನಮ್ಮದು, ಬೀಗದ ಕೈ ಯಾರದು?



‘ಡಿಜಿಟಲ್’ ಎಂಬ ಹೆಸರು ಅಂಟಿಸಿದರೆ ಏನನ್ನೂ ಮಾರಬಹುದು ಎಂದು ವ್ಯಾಪಾರಿಗಳು ನಂಬಿದ್ದ ಕಾಲವೊಂದಿತ್ತು. ಆ ಕಾಲದ ಅಮೆರಿಕದ ಒಂದು ಇತಿಹಾಸವನ್ನು ಶಿಕ್ಷಕರೂ ಪಾಲಕರೂ ಆದ ನಾವು ತಿಳಿದಿರುವುದು ಒಳ್ಳೆಯದು.

ಅಮೆರಿಕದ ಮಾರುಕಟ್ಟೆಗೆ ಡಿವಿಡಿ ಬಂದದ್ದು 1997ರಲ್ಲಿ. ಅದೇ ವರ್ಷ ಸರ್ಕ್ಯೂಟ್ ಸಿಟಿ ಎಂಬ ದೊಡ್ಡ ಎಲೆಕ್ಟ್ರಾನಿಕ್ಸ್ ಮಾರಾಟ ಕಂಪನಿಯು ‘ಡಿಜಿಟಲ್ ವಿಡಿಯೋ ಎಕ್ಸ್‌ಪ್ರೆಸ್’ ಎಂಬ ಯೋಜನೆಯನ್ನು ಪ್ರಕಟಿಸಿತು. ಇದರ ಚಿಕ್ಕ ಹೆಸರು ‘ಡಿವೆಕ್ಸ್’. 1998ರಲ್ಲಿ ಮಾರಾಟ ಶುರುವಾಯಿತು. ಸುಮಾರು 4.50 ಡಾಲರಿಗೆ ಒಂದು ಸಿನಿಮಾ ಡಿಸ್ಕ್. ಬಾಡಿಗೆ ಕ್ಯಾಸೆಟ್ಟಿನಂತೆ ವಾಪಸ್ ಕೊಡಬೇಕಿಲ್ಲ, ತಡವಾದರೆ ದಂಡವಿಲ್ಲ ಎಂಬುದೇ ಪ್ರಚಾರದ ತಿರುಳು.

ಒಳಗಿನ ಲೆಕ್ಕವೇ ಬೇರೆ. ಮೊದಲ ಸಲ ಹಾಕಿದ ಗಳಿಗೆಯಿಂದ 48 ಗಂಟೆ ಮಾತ್ರ ನೋಡಬಹುದು. ಆಮೇಲೆ ನೋಡಬೇಕಾದರೆ ಮತ್ತೆ ಹಣ. ಮಾಮೂಲಿ ಡಿವಿಡಿ ಪ್ಲೇಯರಿನಲ್ಲಿ ಅದು ಓಡುತ್ತಿರಲಿಲ್ಲ. ಡಿವೆಕ್ಸ್ ಪ್ಲೇಯರನ್ನೇ ಕೊಂಡು ಟೆಲಿಫೋನ್ ತಂತಿಗೆ ಜೋಡಿಸಬೇಕಿತ್ತು. ಅದು ಕಂಪನಿಯ ಕಂಪ್ಯೂಟರಿಗೆ ಫೋನ್ ಮಾಡಿ ಲೆಕ್ಕ ಒಪ್ಪಿಸುತ್ತಿತ್ತು. ಡಿಸ್ಕ್ ಮನೆಯಲ್ಲಿ, ಬೀಗದ ಕೈ ಕಂಪನಿಯಲ್ಲಿ!

ಡಿಸ್ನಿ, ಪ್ಯಾರಮೌಂಟ್‌ನಂಥ ದೊಡ್ಡ ಸಿನಿಮಾ ಸಂಸ್ಥೆಗಳೇ ಇದಕ್ಕೆ ಚಿತ್ರಗಳನ್ನು ಕೊಟ್ಟಿದ್ದವು. ಆದರೂ ಜನ ಪ್ರಶ್ನೆ ಕೇಳಿದರು. ನಾವು ಯಾವ ಚಿತ್ರ ನೋಡಿದೆವೆಂದು ಕಂಪನಿಗೇಕೆ ತಿಳಿಯಬೇಕು? ಕಂಪನಿಯೇ ಮುಚ್ಚಿದರೆ ನಮ್ಮ ಡಿಸ್ಕಿನ ಗತಿಯೇನು? ಅನುಮಾನ ನಿಜವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1999ರ ಜೂನ್ 16ರಂದು ಕಂಪನಿ ಯೋಜನೆಯನ್ನು ಕೈಬಿಟ್ಟಿತು. ನಷ್ಟ 10 ಕೋಟಿ ಡಾಲರಿಗೂ ಹೆಚ್ಚು. 2001ರ ಜುಲೈಯಲ್ಲಿ ಆ ಕಂಪ್ಯೂಟರ್ ವ್ಯವಸ್ಥೆಯೂ ನಿಂತಿತು. ಒಂದು ಗೀರೂ ಬೀಳದ ಡಿಸ್ಕುಗಳು ಕೂಡ ಕೆಲಸಕ್ಕೆ ಬಾರದಾದವು. ಸರ್ಕ್ಯೂಟ್ ಸಿಟಿಯ ಅಂಗಡಿಗಳೂ 2009ರಲ್ಲಿ ಮುಚ್ಚಿದವು. ಆದರೆ 1997ರ ಮಾಮೂಲಿ ಡಿವಿಡಿ ಕೆಡದೆ ಉಳಿದಿದ್ದರೆ ಇಂದಿಗೂ ಓಡುತ್ತದೆ.

ಇದು ನಮಗೇಕೆ ಬೇಕು? ಗಡಿಯಾಚೆಯ ನಮ್ಮ ಶಾಲೆಗಳಿಗೆ ಕನ್ನಡದ ವಿಡಿಯೋ ಪಾಠ ಸಿಗುವುದೇ ಅಪರೂಪ. ಸಿಕ್ಕದ್ದನ್ನು ವರ್ಷ ವರ್ಷವೂ ಹೊಸ ಮಕ್ಕಳಿಗೆ ತೋರಿಸಬೇಕು. ಈಗ ಆ್ಯಪ್, ಚಂದಾ, ‘ಸ್ಮಾರ್ಟ್ ಕ್ಲಾಸ್’ ಎಂದು ಮಾರಲು ಬರುವವರಿಗೆ ನಾವು ಮೂರು ಪ್ರಶ್ನೆ ಕೇಳೋಣ. ಇಂಟರ್ನೆಟ್ ಇಲ್ಲದಿದ್ದರೆ ಪಾಠ ಓಡುತ್ತದೆಯೇ? ಚಂದಾ ಮುಗಿದ ಮೇಲೆ? ನಿಮ್ಮ ಕಂಪನಿ ಮುಚ್ಚಿದ ಮೇಲೆ?

ಉತ್ತರ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ. ಪಾಲಕರು ಬೆವರು ಸುರಿಸಿ ಕೊಟ್ಟ ಹಣ ಅದು. ನೀವೇನಂತೀರಿ?