ಇಟ್ಟಿಗೆ ಮೇಲೊಂದು ಇಟ್ಟಿಗೆ, ಪಕ್ಕದಲ್ಲಿ ಅಪ್ಪ

ಬೆಂಗಳೂರಿನಿಂದ ಕುಣಿಗಲ್ಲಿಗೆ ಹೋಗುವ ಹೆದ್ದಾರಿಯ ಮೇಲಿನ ಊರು ಸೋಲೂರು. ಈಚೆಗೊಂದು ಭಾನುವಾರ ಅಲ್ಲಿನ ಪರಿಚಿತರೊಬ್ಬರ ಮನೆಗೆ ಹೋದಾಗ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಾಪೆಯ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳು. ನಡುವೆ ಮನೆಯ ಯಜಮಾನರು, ಅಕ್ಕಪಕ್ಕದಲ್ಲಿ ಮಗ ಮತ್ತು ಮಗಳು. ಮೂವರೂ ಸೇರಿ ಮಾಗಡಿ ಕೋಟೆ ಕಟ್ಟುತ್ತಿದ್ದರು. ಮೂಲೆಯ ಬುರುಜು ಮಗಳ ಸೊಂಟದೆತ್ತರಕ್ಕೆ ಬಂತು, ವಾಲಿತು, ಬಿತ್ತು. 'ತಳ ಇನ್ನೂ ಅಗಲ ಮಾಡ್ಬೇಕಿತ್ತು ಕಣಪ್ಪ' ಎಂದಳು ಮಗಳು. 'ಹೂಂ ಕಣವ್ವ, ಕಿತ್ತು ಮತ್ತೆ ಕಟ್ಟಣ ಬಿಡು' ಎಂದರು ಅಪ್ಪ.

ಆಟಿಕೆ ಮಕ್ಕಳ ವಸ್ತು, ದೊಡ್ಡವರಿಗೆ ಅದರಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ಆದರೆ ಕಟ್ಟುವ ಆಟಿಕೆಗಳ ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇವುಗಳಲ್ಲಿ ಹೆಸರಾದ ಹಲವು ಆಟಿಕೆಗಳು ಹುಟ್ಟಿದ್ದೇ ದೊಡ್ಡವರು ಮಕ್ಕಳ ಜೊತೆ ನೆಲದ ಮೇಲೆ ಕುಳಿತದ್ದರಿಂದ!

ಮೊದಲಿಗೆ ಜರ್ಮನಿಯ ಫ್ರೆಡರಿಕ್ ಫ್ರೋಬೆಲ್. ಹುಟ್ಟಿದ ಕೆಲವೇ ತಿಂಗಳಲ್ಲಿ ತಾಯಿಯನ್ನು ಕಳೆದುಕೊಂಡಿದ್ದ ಈ ಶಿಕ್ಷಣತಜ್ಞ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದರು. ಮುಂದೆ ಅದೇ 'ಕಿಂಡರ್‌ಗಾರ್ಟನ್' ಎಂದು ಹೆಸರಾಯಿತು. ಮಕ್ಕಳ ಕೈಗೆ ಅವರು ಕೊಟ್ಟ ಆಟಿಕೆಗಳನ್ನು 'ಕೊಡುಗೆ' ಎಂದೇ ಕರೆದರು. ಮೂರನೆಯ ಕೊಡುಗೆ ಮರದ ಒಂದು ಘನ. ಬಿಡಿಸಿದರೆ ಎಂಟು ಸಣ್ಣ ಘನಗಳು. ಅವುಗಳಿಂದ ಮಗು ಕುರ್ಚಿ, ಮೆಟ್ಟಿಲು, ಗೋಪುರ, ಏನನ್ನಾದರೂ ಕಟ್ಟಬಹುದು. ಇವು ಶಾಲೆಗೆ ಮಾತ್ರವಲ್ಲ, ತಾಯಂದಿರಿಗೂ ಬೇಕಾದ ವಸ್ತುಗಳು ಎಂಬುದು ಫ್ರೋಬೆಲ್ ವಾದವಾಗಿತ್ತು. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಅವನ್ನು ಕಂಡ ಒಬ್ಬ ತಾಯಿ ಮಗನಿಗೆಂದು ತಂದರು. ಆ ಮಗನೇ ಮುಂದೆ ಅಮೆರಿಕದ ಪ್ರಖ್ಯಾತ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ತುಂಡುಗಳ ನುಣುಪು ತಮ್ಮ ಬೆರಳುಗಳಿಂದ ಮಾಸಲೇ ಇಲ್ಲ ಎಂಬರ್ಥದ ಮಾತನ್ನು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಎರಡನೆಯವರು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಗುಮಾಸ್ತ ಫ್ರಾಂಕ್ ಹಾರ್ನ್‌ಬಿ. ತಮ್ಮ ಗಂಡುಮಕ್ಕಳಿಗಾಗಿ ಮನೆಯಲ್ಲೇ ಲೋಹದ ತಗಡು ಕತ್ತರಿಸಿ ಆಟಿಕೆ ಕ್ರೇನು, ಸೇತುವೆ ಮಾಡಿಕೊಡುತ್ತಿದ್ದರು. ಪ್ರತಿ ಆಟಿಕೆಗೂ ಹೊಸ ತುಂಡು ಕತ್ತರಿಸುವ ಬದಲು, ಸಮಾನ ಅಂತರದಲ್ಲಿ ತೂತು ಕೊರೆದ ಪಟ್ಟಿಗಳಿದ್ದರೆ ಬಿಚ್ಚಿ ಮತ್ತೆ ಜೋಡಿಸಬಹುದಲ್ಲ ಎಂದು ಹೊಳೆಯಿತು. 1901ರಲ್ಲಿ ಪೇಟೆಂಟ್ ಪಡೆದರು. ಅದೇ ಮೆಕ್ಯಾನೊ. ನಟ್ಟು ಬೋಲ್ಟು ಬಿಗಿಸುವ ಆ ಪೆಟ್ಟಿಗೆ, ಅದರ ಅನುಕರಣೆಗಳು ನಮ್ಮಲ್ಲಿಯೂ ಎಷ್ಟೋ ಮನೆಗಳಿಗೆ ಬಂದವು.

ಇನ್ನು ಸೋಲೂರಿನ ಚಾಪೆಯ ಮೇಲೆ ಕಂಡಂಥ ಇಟ್ಟಿಗೆಯ ಕಥೆ. ಅದು ಶುರುವಾಗುವುದು ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಹಳ್ಳಿಯ ಬಡಗಿಯೊಬ್ಬರ ಮನೆಯಲ್ಲಿ. ಅವರ ಹೆಸರು ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್. 1932ರಲ್ಲಿ, ಜಗತ್ತೇ ಆರ್ಥಿಕ ಮುಗ್ಗಟ್ಟಿನಲ್ಲಿದ್ದಾಗ, ಮನೆ ಕಟ್ಟಿಸುವವರಿಲ್ಲದೆ ಅವರು ಮರದ ಆಟಿಕೆ ಮಾಡತೊಡಗಿದರು. ಅದೇ ವರ್ಷ ಪತ್ನಿ ತೀರಿಕೊಂಡರು. ಉಳಿದದ್ದು ನಾಲ್ವರು ಗಂಡುಮಕ್ಕಳು. ಅವರಲ್ಲೊಬ್ಬನಾದ ಗಾಡ್‌ಫ್ರೆಡ್ ಎಳೆ ವಯಸ್ಸಿನಲ್ಲೇ ಕಾರ್ಯಾಗಾರದಲ್ಲಿ ತಂದೆಗೆ ಜೊತೆಯಾದ.

ಈ ತಂದೆ ಮಗನ ಬಗ್ಗೆ ಕಂಪನಿ ಇಂದಿಗೂ ಹೇಳಿಕೊಳ್ಳುವ ಒಂದು ಪ್ರಸಂಗವಿದೆ. ಮರದ ಬಾತುಕೋಳಿಗಳಿಗೆ ಮೂರು ಸಲ ವಾರ್ನಿಷ್ ಬಳಿಯುವ ಬದಲು ಎರಡೇ ಸಲ ಬಳಿದು ಹಣ ಉಳಿಸಿದೆ ಎಂದು ಮಗ ಹಿಗ್ಗಿನಿಂದ ಹೇಳಿದನಂತೆ. ತಂದೆ ಹೊಗಳಲಿಲ್ಲ. ರೈಲು ನಿಲ್ದಾಣಕ್ಕೆ ಹೋಗಿ ಪೆಟ್ಟಿಗೆಗಳನ್ನು ವಾಪಸು ತಂದು, ಮೂರನೆಯ ಸಲ ಬಳಿದೇ ಕಳುಹಿಸಬೇಕೆಂದು ಹೇಳಿದರು. ಮಗ ಹಾಗೆಯೇ ಮಾಡಿದ.

'ಚೆನ್ನಾಗಿ ಆಡು' ಎಂಬರ್ಥದ ಎರಡು ಡೇನಿಷ್ ಪದಗಳಿಂದ ಲೆಗೊ ಎಂಬ ಹೆಸರು ಹುಟ್ಟಿತು. 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆ ಬಂತು. ಅದು ಸ್ವಂತ ಕಲ್ಪನೆಯೇನಲ್ಲ. ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಮೊದಲೇ ರೂಪಿಸಿದ್ದ ಇಟ್ಟಿಗೆಯೇ ಅದಕ್ಕೆ ಮಾದರಿ. ಆದರೆ ಆ ಇಟ್ಟಿಗೆಗೊಂದು ದೋಷವಿತ್ತು. ಒಳಗೆ ಪೊಳ್ಳು, ಹಿಡಿತ ಸಾಲದು. ಎತ್ತರ ಕಟ್ಟಿದರೆ ಉರುಳುತ್ತಿತ್ತು. 1958ರ ಜನವರಿ 28ರಂದು ಗಾಡ್‌ಫ್ರೆಡ್ ಪೇಟೆಂಟಿಗೆ ಅರ್ಜಿ ಹಾಕಿದ ಹೊಸ ವಿನ್ಯಾಸದಲ್ಲಿ ಇಟ್ಟಿಗೆಯ ಹೊಟ್ಟೆಯೊಳಗೆ ಸಣ್ಣ ಕೊಳವೆಗಳಿದ್ದವು. ಕೆಳಗಿನ ಇಟ್ಟಿಗೆಯ ಗುಬುಟುಗಳು ಕೊಳವೆ ಮತ್ತು ಗೋಡೆಯ ನಡುವೆ ಬಿಗಿಯಾಗಿ ಕೂರುತ್ತವೆ. ಎಳೆದರೆ ಬರುತ್ತವೆ, ಅಲುಗಿದರೆ ಬೀಳುವುದಿಲ್ಲ. ದೊಡ್ಡ ದೊಡ್ಡ ಕೋಟೆ ಕೊತ್ತಲ ಕಟ್ಟಲು ಸಾಧ್ಯವಾದದ್ದು ಇದರಿಂದಲೇ. ಅದೇ ವರ್ಷ ಮಾರ್ಚಿಯಲ್ಲಿ ತಂದೆ ತೀರಿಕೊಂಡರು. 1960ರಲ್ಲಿ ಮರದ ವಿಭಾಗಕ್ಕೆ ಬೆಂಕಿ ಬಿದ್ದ ಮೇಲೆ ಬಡಗಿಯ ಆ ಕಂಪನಿ ಮರದ ಆಟಿಕೆಗಳನ್ನೇ ಕೈಬಿಟ್ಟಿತು. ಎಂಟು ಗುಬುಟಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91 ಕೋಟಿಗೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದು ಎಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಮಕ್ಕಳಿಗೆ ಬೇಸರ ಬರುವುದಾದರೂ ಹೇಗೆ?

ಹಾಗಾದರೆ ನಮ್ಮಲ್ಲಿ ಏನಿತ್ತು? ಸೋಲೂರಿಗೆ ದೂರವೇನೂ ಅಲ್ಲದ ಚನ್ನಪಟ್ಟಣ ಮರವನ್ನು ಕೈಬಿಡಲಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಬಂತೆಂದು ಪ್ರತೀತಿ. ಹಗುರವಾದ ಆಲೆ ಮರವನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಕಡೆಯುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಈ ಆಟಿಕೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ತಿರುಗಿಸಿ ಕಡೆಯುವುದರಿಂದ ಇಲ್ಲಿ ಹುಟ್ಟುವುದೆಲ್ಲ ಬಹುಮಟ್ಟಿಗೆ ದುಂಡು: ಬುಗುರಿ, ಗಿಲಕಿ, ಗಾಲಿ, ಗೂಟಕ್ಕೆ ಒಂದರ ಮೇಲೊಂದು ಪೋಣಿಸುವ ಬಣ್ಣದ ಬಳೆಗಳು. ಒಂದರ ಮೇಲೊಂದು ಇಡುವ ಮೊದಲ ಪಾಠವನ್ನು ನಮ್ಮ ಕೂಸುಗಳು ಕಲಿತದ್ದು ಈ ಬಳೆಗಳಿಂದ, ಅಮ್ಮನ ತೊಡೆಯ ಮೇಲೆ ಕುಳಿತು.

ದೊಡ್ಡದಾಗಿ ಕಟ್ಟುವ ಆಟವೂ ನಮಗೆ ಹೊಸದಲ್ಲ. ಹಳೆ ಮೈಸೂರಿನ ದಸರೆ ಗೊಂಬೆ ಹಬ್ಬವನ್ನು ನೆನಪಿಸಿಕೊಳ್ಳಿ. ಪೆಟ್ಟಿಗೆ, ಹಲಗೆ, ಡಬ್ಬಗಳನ್ನು ಪೇರಿಸಿ ಬೆಸ ಸಂಖ್ಯೆಯ ಮೆಟ್ಟಿಲು ಕಟ್ಟುವವರು ದೊಡ್ಡವರು. ಪಟ್ಟದ ಗೊಂಬೆಗಳನ್ನು ಬಟ್ಟೆಯಿಂದ ಬಿಡಿಸಿ ಕೊಡುವವರು ಅಜ್ಜಿ. ಪಕ್ಕದಲ್ಲಿ ಮಣ್ಣು ಹರಡಿ, ರಾಗಿ ಮೊಳಕೆ ಬರಿಸಿ, ಕನ್ನಡಿ ಚೂರಿನಿಂದ ಕೆರೆ ಮಾಡಿ, ಬೆಟ್ಟ, ಗುಡಿ, ಸಂತೆ ಹೂಡುವವರು ಮಕ್ಕಳು. ಚನ್ನಪಟ್ಟಣದ ಗೊಂಬೆಗಳೂ ಅಲ್ಲಿ ಸೇರಿಕೊಳ್ಳುತ್ತಿದ್ದವು. ಮನೆಮಂದಿಯೆಲ್ಲ ಕೂಡಿ ಊರೊಂದನ್ನು ಕಟ್ಟಿ, ಹಬ್ಬ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕೆ ಸೇರಿಸುತ್ತಿದ್ದರು. ಮುಂದಿನ ವರ್ಷ ಮತ್ತೆ ಬೇರೆ ಊರು!

ಮರವೋ, ತಗಡೋ, ಪ್ಲಾಸ್ಟಿಕ್ಕೋ ಎಂಬುದು ಆಯಾ ಕಾಲದ ಮಾತು. ಎಲ್ಲ ಕಾಲಕ್ಕೂ ಸಲ್ಲುವುದು ಪಕ್ಕದಲ್ಲಿ ಕುಳಿತವರ ಕೈ. ಈಗ ಆಟಿಕೆ ಕೊಂಡು ತಂದುಕೊಟ್ಟರೆ ತಮ್ಮ ಕೆಲಸ ಮುಗಿಯಿತೆಂದು ಎಷ್ಟೋ ತಂದೆ ತಾಯಿ ತಿಳಿದಿದ್ದಾರೆ. ದಿನವೂ ಬೆಂಗಳೂರಿಗೆ ಹೋಗಿ ಬರುವವರಿಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳುವುದೂ ಸುಲಭವಲ್ಲ. ಸೋಲೂರಿನ ಆ ಅಪ್ಪನೂ ಅಂಥವರೇ. 'ಈ ಇಟ್ಟಿಗೆ ತಂದು ಎರಡು ವರ್ಷ ಆಯ್ತು. ನಾನು ಕೂತ್ಕೊಳೋವರೆಗೂ ಇವು ಪೆಟ್ಟಿಗೆಲೇ ಇದ್ವು' ಎಂದು ಅವರೇ ಹೇಳಿದರು.

ನಾನು ಹೊರಟಾಗ ಸಂಜೆಯಾಗಿತ್ತು. ತಳ ಅಗಲ ಮಾಡಿ ಮೂರು ಬುರುಜು ಎಬ್ಬಿಸಿದ್ದರು. ನಾಲ್ಕನೆಯದಕ್ಕೆ ಇಟ್ಟಿಗೆ ಸಾಲದೆ ಮಗ ಒಳಗಿನಿಂದ ಬೆಂಕಿಪೊಟ್ಟಣಗಳನ್ನು ಹುಡುಕಿ ತಂದ.