ಜ್ವರ ಹೋಯಿತು, ರಕ್ತದಲ್ಲಿ ಗುರುತು ಉಳಿಯಿತು: ಮಾಲ್ಡೀವ್ಸ್‌ನ ಥಲಸ್ಸೇಮಿಯಾ ಕತೆ

ಹೊನ್ನಾವರದ ಇತಿಹಾಸ ಬರೆಯಲು ಕೂತವರಿಗೆಲ್ಲ ಇಬ್ನ್ ಬತೂತ ಎದುರಾಗುತ್ತಾನೆ. ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಈ ಮೊರಾಕ್ಕೋದ ಪ್ರವಾಸಿ, ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇದ್ದವೆಂದು ಬರೆದಿಟ್ಟ. ಆ ಎರಡು ಅಂಕಿಗಳನ್ನು ತೆಗೆದುಕೊಂಡು ನಾವು ಕರಾವಳಿಯವರು ಅವನನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಅವನು ಮುಂದೆ ಎಲ್ಲಿಗೆ ಹೋದ ಎಂಬುದು ಜಿಲ್ಲಾ ಪುಟಕ್ಕೆ ಬೇಕಾದ ವಿಷಯವಲ್ಲ.

ಅವನು ಹೋಗಿದ್ದು ಮಾಲ್ಡೀವ್ಸ್‌ಗೆ, 1343ರಲ್ಲಿ. ಅಲ್ಲಿ ಖಾಜಿಯಾದ, ಒಂದಕ್ಕಿಂತ ಹೆಚ್ಚು ಮದುವೆಯಾದ, ಜ್ವರ ಹಿಡಿದು ಮಲಗಿದ. ಈ ದ್ವೀಪಗಳಿಗೆ ಬಂದವರಿಗೆ ಜ್ವರ ತಪ್ಪಿದ್ದಲ್ಲ ಎಂಬರ್ಥದ ಮಾತು ಅವನ ಬರಹದಲ್ಲಿದೆ. ಎರಡೂವರೆ ಶತಮಾನದ ನಂತರ, 1602ರಲ್ಲಿ, ಫ್ರೆಂಚ್ ನಾವಿಕ ಪಿರಾರ್ ದ ಲವಾಲ್‌ನ ಹಡಗು ಅಲ್ಲಿ ಬಂಡೆಗೆ ಬಡಿದು ಒಡೆಯಿತು. ಐದು ವರ್ಷ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ ಅವನು, ಇದು ಇಡೀ ಹಿಂದೂಸ್ತಾನಕ್ಕೆ ಗೊತ್ತಿರುವ ‘ಮಾಲ್ಡೀವ್ಸ್ ಜ್ವರ’ ಎಂದು ಬರೆದ. 1834ರಲ್ಲಿ ಸಮುದ್ರದ ಅಳತೆಗೆ ಹೋದ ಹಡಗಿನಿಂದ ಮಾಲೆಯಲ್ಲಿ ಇಳಿದು ಉಳಿದ ಯಂಗ್ ಮತ್ತು ಕ್ರಿಸ್ಟೋಫರ್ ಎಂಬ ಇಬ್ಬರು ಲೆಫ್ಟಿನೆಂಟರೂ ಕಾಯಿಲೆ ಬಿದ್ದರು.

ಹೊರಗಿನಿಂದ ಬಂದವರು ತಮ್ಮ ಜ್ವರದ ಬಗ್ಗೆ ಬರೆದರು. ಅಲ್ಲೇ ಹುಟ್ಟಿ ಅಲ್ಲೇ ಜ್ವರಕ್ಕೆ ಸತ್ತ ಕೂಸುಗಳ ಬಗ್ಗೆ ಯಾರೂ ಬರೆಯಲಿಲ್ಲ. ಆ ದಾಖಲೆ ಕಾಗದದಲ್ಲಿಲ್ಲ, ಅಲ್ಲಿನ ಜನರ ರಕ್ತದಲ್ಲಿದೆ.

ಅದು ಹೇಗೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ನೆತ್ತರಿಗೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ತಯಾರಾಗಲು ಬೇಕಾದ ಜೀನ್‌ನ ಒಂದು ಪ್ರತಿ ಅಪ್ಪನಿಂದ, ಇನ್ನೊಂದು ಅಮ್ಮನಿಂದ ಬರುತ್ತದೆ. ಒಂದು ಪ್ರತಿ ಕೆಟ್ಟಿದ್ದರೆ ಮನುಷ್ಯನಿಗೆ ಏನೂ ಆಗುವುದಿಲ್ಲ. ತುಸು ರಕ್ತ ಕಡಿಮೆ ಎನ್ನಬಹುದು, ಅಷ್ಟೆ. ಇವರು ಥಲಸ್ಸೇಮಿಯಾ ವಾಹಕರು. ಎರಡೂ ಪ್ರತಿ ಕೆಟ್ಟಿದ್ದರೆ ಅದು ಥಲಸ್ಸೇಮಿಯಾ ಮೇಜರ್. ಹುಟ್ಟುವಾಗ ಚೆನ್ನಾಗಿರುವ ಮಗು ಆರು ತಿಂಗಳು, ವರ್ಷ ಕಳೆಯುವಷ್ಟರಲ್ಲಿ ಬಿಳಿಚಿಕೊಳ್ಳುತ್ತದೆ, ಗುಲ್ಮ ಊದಿ ಹೊಟ್ಟೆ ಮುಂದೆ ಬರುತ್ತದೆ. ರಕ್ತ ಹಾಕಿಸದಿದ್ದರೆ ಕೆಲವೇ ವರ್ಷಗಳಲ್ಲಿ ಸಾವು.

ಇಂಥ ಕೆಟ್ಟ ಜೀನ್ ತಲೆಮಾರುಗಳಲ್ಲಿ ಅಳಿದುಹೋಗಬೇಕಿತ್ತಲ್ಲ, ಕೆಲವು ಊರುಗಳಲ್ಲಿ ಯಾಕೆ ಇಷ್ಟು ದಟ್ಟವಾಗಿದೆ? 1949ರಲ್ಲಿ ಪ್ರಕಟವಾದ ಬರಹದಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಒಂದು ಊಹೆ ಮುಂದಿಟ್ಟರು. ಒಂದು ಪ್ರತಿ ಮಾತ್ರ ಕೆಟ್ಟವರನ್ನು ಮಲೇರಿಯಾ ಅಷ್ಟು ಸುಲಭಕ್ಕೆ ಕೊಲ್ಲಲಾರದು ಎಂಬುದೇ ಆ ಊಹೆ. ಮುಂದಿನ ಸಂಶೋಧನೆ ಅವರ ಮಾತನ್ನು ಎತ್ತಿಹಿಡಿಯಿತು. ಮಲೇರಿಯಾ ಇದ್ದಲ್ಲಿ ವಾಹಕ ಮಕ್ಕಳು ಹೆಚ್ಚು ಉಳಿದರು, ಅವರಿಗೆ ಮಕ್ಕಳಾದವು. ಇಬ್ನ್ ಬತೂತನನ್ನು ಮಲಗಿಸಿದ ಜ್ವರ ಇದೇ ಎಂದು ಇಂದು ಆಣೆ ಮಾಡಿ ಹೇಳುವಂತಿಲ್ಲ. ಆದರೆ ಆ ದ್ವೀಪಗಳಲ್ಲಿ ಮಲೇರಿಯಾ ಶತಮಾನಗಳ ಕಾಲ ಬೀಡುಬಿಟ್ಟಿತ್ತು ಎನ್ನಲು ಅಲ್ಲಿನ ರಕ್ತವೇ ಸಾಕ್ಷಿ. ಸುಮಾರು ಆರು ಮಂದಿಯಲ್ಲಿ ಒಬ್ಬರು ವಾಹಕರು. ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಇದೊಂದು.

ಲೆಕ್ಕ ಹಾಕಿ ನೋಡಿ. ಗಂಡ ಹೆಂಡತಿ ಇಬ್ಬರೂ ವಾಹಕರಾಗುವ ಸಾಧ್ಯತೆ 36ರಲ್ಲಿ ಒಂದು. ಅಂಥ ದಂಪತಿಯ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂದರೆ ಸುಮಾರು 144 ಮಕ್ಕಳಿಗೆ ಒಂದು ಮಗು.

1960ರ ದಶಕದಲ್ಲಿ ಮಲೇರಿಯಾ ನಿರ್ಮೂಲನೆ ಕೆಲಸ ಶುರುವಾಯಿತು. ಸ್ಥಳೀಯವಾಗಿ ಹರಡಿದ ಕೊನೆಯ ಪ್ರಕರಣ 1984ರದ್ದು. ಜ್ವರಕ್ಕೆ, ಭೇದಿಗೆ ಮಕ್ಕಳು ಸಾಯುವುದು ಕಡಿಮೆಯಾದ ಮೇಲೆ, ಬೇರೊಂದು ಕಾರಣಕ್ಕೆ ಸಾಯುವ ಮಕ್ಕಳು ಕಣ್ಣಿಗೆ ಬಿದ್ದರು. ಹತ್ತು ಕೂಸು ಹೋಗುತ್ತಿದ್ದ ಕಡೆ ಹನ್ನೊಂದನೆಯದು ಯಾಕೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಒಂದೇ ಕೂಸು ಹೋದಾಗ ಕೇಳುತ್ತಾರೆ.

ಕೇಳಿದವರಲ್ಲಿ ಮುಖ್ಯವಾದದ್ದು ಒಂದು ಸ್ವಯಂಸೇವಾ ಸಂಸ್ಥೆ, ಸೊಸೈಟಿ ಫಾರ್ ಹೆಲ್ತ್ ಎಜುಕೇಶನ್. ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಜನ ಅದನ್ನು ‘ಶೀ’ ಎನ್ನುತ್ತಾರೆ. 1988ರಲ್ಲಿ ಮಾಲೆಯಲ್ಲಿ ಹುಟ್ಟಿದ ಈ ಸಂಸ್ಥೆ ಕುಟುಂಬ ಯೋಜನೆ, ತಾಯಂದಿರ ಆರೋಗ್ಯದ ತಿಳಿವಳಿಕೆ ಕೊಡುತ್ತಿತ್ತು. 1992ರಲ್ಲಿ ಥಲಸ್ಸೇಮಿಯಾ ತಪಾಸಣೆ ಆರಂಭಿಸಿತು. ರೋಗಿಗಳಿಗಾಗಿ ಸರ್ಕಾರದ ರಾಷ್ಟ್ರೀಯ ಥಲಸ್ಸೇಮಿಯಾ ಕೇಂದ್ರ ಬಂದಿದ್ದು ಅದಾಗಿ ಎರಡು ವರ್ಷಕ್ಕೆ, 1994ರಲ್ಲಿ.

ನಮ್ಮಲ್ಲಿ ರಕ್ತ ತಪಾಸಣೆ ಶಿಬಿರವೆಂದರೆ ಶಾಮಿಯಾನ, ನಾಲ್ಕು ಮೇಜು, ಒಂದು ಆಂಬುಲೆನ್ಸ್. ಅಲ್ಲಿನ ನಕ್ಷೆ ಬೇರೆ. ಉತ್ತರದಿಂದ ದಕ್ಷಿಣಕ್ಕೆ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಚೆಲ್ಲಿದ ಸುಮಾರು 1,200 ದ್ವೀಪಗಳು, ಜನ ಇರುವುದು ಇನ್ನೂರರ ಆಸುಪಾಸಿನಲ್ಲಿ. ಎಷ್ಟೋ ದ್ವೀಪಗಳಲ್ಲಿ ಕೆಲವು ನೂರು ಜನ ಮಾತ್ರ. ಸಂಸ್ಥೆಯ ತಂಡ ದ್ವೀಪದಿಂದ ದ್ವೀಪಕ್ಕೆ ಹೋಗಿ, ಕಾಯಿಲೆ ಏನೆಂದು ಹೇಳಿ, ರಕ್ತದ ಮಾದರಿ ತರಬೇಕಿತ್ತು. ಅವರ ನಾವೆಗೆ ದಿವೇಹಿಯಲ್ಲಿ ‘ದೋನಿ’ ಎನ್ನುತ್ತಾರೆ. ನಮ್ಮ ದೋಣಿಯೇ, ಉಚ್ಚಾರ ಮಾತ್ರ ತುಸು ಆಚೀಚೆ.

2008ರ ಹೊತ್ತಿಗೆ ಈ ಸಂಸ್ಥೆ ಪರೀಕ್ಷಿಸಿದವರ ಸಂಖ್ಯೆ ಒಂದು ಲಕ್ಷ ದಾಟಿತ್ತು. ಮೂರು ಲಕ್ಷ ಚಿಲ್ಲರೆ ಜನರಿದ್ದ ದೇಶದಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ಮಾಡಿದ ಕೆಲಸ ಇದು. ಆ ಅಂಕಿಗಳಲ್ಲೇ ಇನ್ನೊಂದು ಸಂಗತಿ ಸಿಕ್ಕಿತು. 1970ರ ಸುಮಾರಿಗೆ ಹುಟ್ಟಿದವರಲ್ಲಿ ವಾಹಕರ ಪಾಲು ನೂರಕ್ಕೆ ಇಪ್ಪತ್ತನ್ನು ದಾಟಿತ್ತು. ಎರಡು ದಶಕ ಕಳೆದು ಹುಟ್ಟಿದವರಲ್ಲಿ ಅದು ಗಣನೀಯವಾಗಿ ಇಳಿದಿತ್ತು. ವಾಹಕರು ಸತ್ತರು ಎಂದಲ್ಲ. ಮಲೇರಿಯಾ ಹೋದ ಮೇಲೆ ವಾಹಕರಲ್ಲದ ಮಕ್ಕಳೂ ಬದುಕಿ ಉಳಿದಿದ್ದರು, ಹಾಗಾಗಿ ಪಾಲು ಇಳಿಯಿತು. ಹಿಂದೆ ಲೆಕ್ಕವಿಲ್ಲದೆ ಹೋದ ಕೂಸುಗಳ ಅಂದಾಜು ಸಿಗುವುದು ಈ ವ್ಯತ್ಯಾಸದಲ್ಲಿ. ಇತಿಹಾಸದ ಆಕರ ಅಂದರೆ ಶಾಸನ, ಕಡತ, ಪ್ರವಾಸಕಥನ ಎಂದು ಓದಿಕೊಂಡು ಬಂದ ನಮಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು.

ತಿಳಿವಳಿಕೆ ಕೊಡುವ ಕೆಲಸ ನಡೆಯಿತು ಸರಿ, ತಿಳಿದುಕೊಂಡವರು ಏನು ಮಾಡಬೇಕು? ನಿಜವಾದ ಕಷ್ಟ ಶುರುವಾಗಿದ್ದು ಇಲ್ಲಿ. ಮುನ್ನೂರು ಜನರ ದ್ವೀಪದಲ್ಲಿ ಮದುವೆ ವಯಸ್ಸಿನವರು ಎಷ್ಟಿದ್ದಾರು? ಇಬ್ಬರು ಒಪ್ಪಿದ್ದಾರೆ, ಇಬ್ಬರ ಚೀಟಿಯಲ್ಲೂ ವಾಹಕ ಎಂದಿದೆ. ಬಿಟ್ಟುಬಿಡಿ ಎಂದು ಹೇಳುವುದು ಸುಲಭ. ಮೇಲಾಗಿ ಅದು ಮದುವೆ, ತಲಾಖ್, ಮರುಮದುವೆ ಎಲ್ಲವೂ ಸಲೀಸಾಗಿ ನಡೆಯುವ ಸಮಾಜ. ನಾವಿಕರು ಬಂದಾಗ ಮದುವೆಯಾಗಿ ಹೊರಡುವಾಗ ಬಿಟ್ಟುಹೋಗುತ್ತಿದ್ದರೆಂದು ಇಬ್ನ್ ಬತೂತನೇ ಬರೆದಿದ್ದಾನೆ. 2002ರಲ್ಲಿ ಗಿನ್ನೆಸ್ ದಾಖಲೆಯಲ್ಲಿ ಜಗತ್ತಿನ ಅತಿ ಹೆಚ್ಚು ವಿಚ್ಛೇದನ ದರ ಮಾಲ್ಡೀವ್ಸ್‌ನದ್ದಾಗಿತ್ತು, ಸಾವಿರ ಜನಕ್ಕೆ 10.97. ಅಂದರೆ ಪ್ರತಿ ಹೊಸ ಜೋಡಿಗೂ ಹೊಸ ಲೆಕ್ಕ. ಒಮ್ಮೆ ಚೀಟಿ ನೋಡಿದರೆ ಮುಗಿಯಲಿಲ್ಲ.

ಮೆಡಿಟರೇನಿಯನ್‌ನ ಸೈಪ್ರಸ್ ದ್ವೀಪದಲ್ಲೂ ಇದೇ ಕತೆ. ಅಲ್ಲಿ ಏಳು ಮಂದಿಯಲ್ಲಿ ಒಬ್ಬರು ವಾಹಕರು. 1983ರಿಂದ ಅಲ್ಲಿನ ಚರ್ಚು ಮದುವೆಗೆ ಮೊದಲು ತಪಾಸಣಾ ಪತ್ರ ಕೇಳತೊಡಗಿತು. ಇಬ್ಬರೂ ವಾಹಕರಾಗಿದ್ದರೂ ಮದುವೆ ತಡೆಯಲಿಲ್ಲ, ಗೊತ್ತಿದ್ದರೆ ಸಾಕು ಎಂದಿತು. ಬಹುತೇಕರು ಮದುವೆಯಾದರು, ಗರ್ಭದಲ್ಲೇ ಪರೀಕ್ಷೆ ಮಾಡಿಸಿಕೊಂಡರು. ಕಾಯಿಲೆಯ ಮಕ್ಕಳು ಹುಟ್ಟುವುದು ಹೆಚ್ಚುಕಡಿಮೆ ನಿಂತಿತು. ಮಾಲ್ಡೀವ್ಸ್‌ನಲ್ಲಿ ಗರ್ಭಪಾತ ಧರ್ಮದ ಪ್ರಶ್ನೆಯೂ ಹೌದು. ಥಲಸ್ಸೇಮಿಯಾ ಮೇಜರ್ ಎಂದು ಖಚಿತವಾದರೆ 120 ದಿನಗಳೊಳಗೆ ಅನುಮತಿ ಸಿಗುವಂತಾಯಿತು. ಆದರೆ ಗರ್ಭದ ಪರೀಕ್ಷೆಗೆ ಹಡಗೋ ವಿಮಾನವೋ ಹತ್ತಿ ಹೋಗಬೇಕಾದವರಿಗೆ 120 ದಿನ ದೊಡ್ಡ ಅವಧಿಯೇನಲ್ಲ.

ಕಾಯಿಲೆಯ ಮಕ್ಕಳ ಜನನ ಕಡಿಮೆಯಾಯಿತು, ನಿಲ್ಲಲಿಲ್ಲ. ತಪಾಸಣೆ ಆರಂಭವಾಗಿ 20 ವರ್ಷಕ್ಕೆ, 2012ರಲ್ಲಿ, ಥಲಸ್ಸೇಮಿಯಾ ನಿಯಂತ್ರಣ ಕಾಯ್ದೆ ಬಂದು ಮದುವೆಗೆ ಮೊದಲು ಪರೀಕ್ಷೆ ಕಡ್ಡಾಯವಾಯಿತು. ಇಪ್ಪತ್ತು ವರ್ಷದ ಜಾಗೃತಿ ಸೋತಿತು, ಅದಕ್ಕೇ ಕಾನೂನು ಬಂತು ಎಂದು ಬರೆಯಬಹುದು. ನಮಗೆ ಹಾಗನ್ನಿಸುವುದಿಲ್ಲ. ಕಾಯಿಲೆಯ ಹೆಸರೇ ಗೊತ್ತಿಲ್ಲದ ಊರಿನ ಮೇಲೆ ಕಾಯ್ದೆ ಹೇರಿದ್ದರೆ ಜನ ಕಾಗದ ಮಾಡಿಸಿ ಜೇಬಿಗಿಟ್ಟುಕೊಂಡು ಹೋಗುತ್ತಿದ್ದರು.

ಈಗಾಗಲೇ ಹುಟ್ಟಿದವರ ಪಾಡು ಬೇರೆಯೇ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಜೀವನಪೂರ್ತಿ. ಹಾಕಿಸಿಕೊಂಡ ಪ್ರತಿ ಬಾಟಲಿಯ ಜೊತೆ ಇನ್ನೂರು ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಒಳಗೆ ಹೋಗುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಅದು ಹೃದಯದಲ್ಲಿ, ಯಕೃತ್ತಿನಲ್ಲಿ ಕೂರುತ್ತದೆ. ಬದುಕಿಸಿದ ರಕ್ತವೇ ನಿಧಾನಕ್ಕೆ ಕೊಲ್ಲುತ್ತದೆ. ಮೊದಲು ಇದಕ್ಕಿದ್ದ ಮದ್ದು ರಾತ್ರಿಯೆಲ್ಲ ಹೊಟ್ಟೆಯ ಚರ್ಮದಡಿ ಸೂಜಿ ಚುಚ್ಚಿ ಪಂಪಿನಿಂದ ಹನಿಸುವಂಥದ್ದು, ವಾರಕ್ಕೆ ಐದಾರು ರಾತ್ರಿ. ಬಾಯಲ್ಲಿ ನುಂಗುವ ಮೊದಲ ಮಾತ್ರೆಗೆ ಜಗತ್ತಿನಲ್ಲಿ ಮೊದಲು ಪರವಾನಗಿ ಕೊಟ್ಟ ದೇಶ ನಮ್ಮದು, 1990ರ ದಶಕದಲ್ಲಿ. ರಕ್ತ ಹಾಕುವ ಸೌಲಭ್ಯ ಇಲ್ಲದ ದ್ವೀಪಗಳಿಂದ ಎಷ್ಟೋ ಕುಟುಂಬಗಳು ಮಗುವಿಗಾಗಿ ಮಾಲೆಗೆ ಬಂದು, ದುಬಾರಿ ಬಾಡಿಗೆಯ ಕೋಣೆಗಳಲ್ಲಿ ನೆಲೆನಿಂತವು. ಅಸ್ಥಿಮಜ್ಜೆ ಕಸಿಗೆಂದು ಭಾರತಕ್ಕೂ ಬರುತ್ತಾರೆ.

ಇದನ್ನೆಲ್ಲ ನಾವು ಹುಡುಕಿ ಓದಿದ್ದಕ್ಕೆ ಕಾರಣವಿದೆ. ಮಲೇರಿಯಾ ಇಂಥದೇ ಗುರುತನ್ನು ನಮ್ಮ ಕಾಡಂಚಿನಲ್ಲೂ ಬಿಟ್ಟಿದೆ, ಹೆಸರು ಸಿಕಲ್ ಸೆಲ್. ಭಾರತದಲ್ಲಿ ಅದು ಮೊದಲು ಪತ್ತೆಯಾಗಿದ್ದು 1952ರಲ್ಲಿ, ನಮ್ಮ ಚಾಮರಾಜನಗರಕ್ಕೆ ತಾಗಿಕೊಂಡ ನೀಲಗಿರಿಯಲ್ಲಿ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಇದೆ. ತಪಾಸಣೆಯಾದವರಿಗೆ ಅವರ ಸ್ಥಿತಿ ತಿಳಿಸುವ ಕಾರ್ಡ್ ಕೊಡಲಾಗುತ್ತದೆ. ಇಂಥ ಶಿಬಿರದ ಸುದ್ದಿ ನಾವು ಸ್ಟ್ರಿಂಗರ್‌ಗಳು ಬರೆಯುವ ಬಗೆ ನಿಮಗೆ ಗೊತ್ತೇ ಇದೆ. ಉದ್ಘಾಟಿಸಿದವರ ಹೆಸರು, ಉಪಸ್ಥಿತರಿದ್ದವರ ಹೆಸರು, ಇಷ್ಟು ಜನರಿಗೆ ತಪಾಸಣೆ. ನೂರೈವತ್ತು ಪದ. ಆ ಕಾರ್ಡು ಹಾಡಿಯ ಮನೆಯೊಂದರ ಮದುವೆ ಮಾತುಕತೆಯಲ್ಲಿ ಹೊರಬಂದ ದಿನ ಏನಾಯಿತು, ಹುಡುಗಿಯ ಕಾರ್ಡನ್ನಷ್ಟೇ ಕೇಳಿದರೋ ಹುಡುಗನದನ್ನೂ ಕೇಳಿದರೋ ಎಂಬುದನ್ನು ಬರೆಯಲು ನಮ್ಮನ್ನು ಯಾವ ಡೆಸ್ಕೂ ಕಳಿಸಿಲ್ಲ. ನಾವೂ ಹೋಗಿಲ್ಲ.

ಮಾಲ್ಡೀವ್ಸ್ ಮಲೇರಿಯಾ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಮಾಣಪತ್ರ ಕೊಟ್ಟಿತು. ಥಲಸ್ಸೇಮಿಯಾ ಕೇಂದ್ರಕ್ಕೆ ಈಗ ಮಾಲ್ಡೀವಿಯನ್ ಬ್ಲಡ್ ಸರ್ವಿಸಸ್ ಎಂದು ಹೆಸರು. 1992ರಲ್ಲಿ ದೋನಿ ಹತ್ತಿ ಬಂದ ತಂಡಕ್ಕೆ ಕೈಚಾಚಿ ರಕ್ತ ಕೊಟ್ಟ ಮಕ್ಕಳ ಮಕ್ಕಳು ಈಗ ಮದುವೆ ವಯಸ್ಸಿಗೆ ಬಂದಿದ್ದಾರೆ. ಅವರೂ ಚೀಟಿ ತರಬೇಕು.