ಸಾಲೋಟಗಿಯ ಕಂಬ, ಹಳಕಟ್ಟಿಯವರ ಪ್ರೆಸ್ಸು, ನಮ್ಮ ಹಾರ್ಡ್‌ಡಿಸ್ಕು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದು ಬೆಂಗಳೂರಲ್ಲಿ ಐಟಿ ಕೆಲಸ ಮಾಡೋರು ಮನೆಯಲ್ಲೊಂದು ಸಣ್ಣ ಸರ್ವರ್ ಇಡೋಣ ಅಂದಾಗ ಮೊದಲು ಕೇಳೋದು, ಯಾವ ಡಿಸ್ಕ್ ಹೆಚ್ಚು ದಿನ ಬಾಳುತ್ತೆ ಅಂತ. ಅಪ್ಪ-ಅಮ್ಮನ ಫೋಟೋ, ಹೊಲದ ಕಾಗದಪತ್ರದ ಸ್ಕ್ಯಾನ್, ಎಲ್ಲಾ ಅದರಲ್ಲೇ ಇರಬೇಕಲ್ಲ. ಈ ಪ್ರಶ್ನೆಗೆ ಅದೇ ಸೀಮೆಯಲ್ಲಿ ಸಾವಿರ ವರ್ಷದ ಇತಿಹಾಸ ಇದೆ.

ಬಾಳಿಕೆ ಒಂದೇ ಸಾಕು ಅಂದ್ರೆ ಕಲ್ಲನ್ನು ಮೀರಿಸೋದಿಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ ಕ್ರಿ.ಶ. 945ರದು. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ವಿದ್ಯಾಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ಬರೋ ವಿದ್ಯಾರ್ಥಿಗಳಿಗೆ 27 ಮನೆ, ಊಟದ ಖರ್ಚಿಗೆ ಭೂಮಿ, ದೀಪಕ್ಕೆ ಅಂತಲೇ ಬೇರೆ ಭೂಮಿ. ಕರೆಂಟ್ ಬಿಲ್ಲಿಗೂ ಬಜೆಟ್ ಇಟ್ಟಿದ್ದ ಅನ್ನಿ! ಆದರೆ ಕಲ್ಲಿನ ಮೇಲೆ ಉಳಿದದ್ದು ದಾನದ ಲೆಕ್ಕ. ಆ ಹುಡುಗರು ಏನು ಬರೆದುಕೊಂಡರು ಅನ್ನೋದು ಅಲ್ಲಿಲ್ಲ. ಕಲ್ಲಿಗೆ ಅಷ್ಟೆಲ್ಲ ಹಿಡಿಸೋದೂ ಇಲ್ಲ.

ದಿನಬಳಕೆಯ ಬರಹಕ್ಕೆ ಇದ್ದದ್ದು ತಾಡೋಲೆ. ಗರಿಯ ಮೇಲೆ ಕಂಟದಿಂದ ಕೊರೆದು, ಮಸಿ ತಿಕ್ಕಿ, ದಾರ ಪೋಣಿಸಿ ಕಟ್ಟು ಮಾಡೋದು. ಹುಳ, ಗೆದ್ದಲು, ತೇವ, ಬೆಂಕಿ, ಇಷ್ಟೂ ಅದಕ್ಕೆ ಶತ್ರು. ಹಳೇ ಗರಿ ಮುರಿಯೋ ಮುಂಚೆ ಯಾರಾದರೂ ಕೂತು ನಕಲು ಮಾಡಲೇಬೇಕು. ಬಾಗೇವಾಡಿಯ ಬಸವಣ್ಣ 12ನೇ ಶತಮಾನದವರು. ಅವರ ವಚನಗಳ ಓಲೆಗಳು ಅಂತ ನಮಗೆ ಸಿಕ್ಕಿರೋವೆಲ್ಲ ಶತಮಾನಗಳ ನಂತರದ ಪ್ರತಿಗಳು. ಮೂಲದ ಗರಿ ಒಂದೂ ಇಲ್ಲ.

1904ರಲ್ಲಿ ವಕೀಲಿ ಮಾಡೋಕೆ ವಿಜಾಪುರಕ್ಕೆ ಬಂದ ಫ.ಗು. ಹಳಕಟ್ಟಿಯವರಿಗೆ ಇದು ಚೆನ್ನಾಗಿ ಅರ್ಥವಾಗಿತ್ತು. ಮನೆಮನೆಯ ಜಂತಿಯಲ್ಲಿ, ಮಠಗಳಲ್ಲಿ ಬಿದ್ದಿದ್ದ ಕಟ್ಟುಗಳನ್ನು ಹುಡುಕಿ ತಂದರು. ತಂದದ್ದನ್ನು ಭದ್ರವಾದ ಕಪಾಟಿನಲ್ಲಿಟ್ಟು ಬೀಗ ಹಾಕಬಹುದಿತ್ತು. ಅವರು ಮಾಡಿದ್ದು ಬೇರೆ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತಂದರು. (ಹಾರ್ಡ್‌ವೇರ್‌ಗೆ ಮನೆ ಮಾರಿದ್ದು! ಹೆಂಡತಿಗೆ ಹೇಳದೆ ಗ್ರಾಫಿಕ್ಸ್ ಕಾರ್ಡ್ ತರೋರು ಗಮನಿಸಿ.) ಅಗ್ಗದ ಕಾಗದ ತಾಡೋಲೆಗಿಂತ ಗಟ್ಟಿಯೇನಲ್ಲ. ಆದರೆ ಪ್ರತಿ ಊರೂರಿಗೆ ಹೋಯಿತು, ಒಂದು ಮನೆಗೆ ಗೆದ್ದಲು ಹತ್ತಿದರೆ ಇನ್ನೊಂದು ಮನೆಯಲ್ಲಿ ಇತ್ತು.

ಡಿಸ್ಕಿನ ಲೋಕ ಈ ಲೆಕ್ಕಕ್ಕೆ ಬರೋಕೆ ಸ್ವಲ್ಪ ಕಾಲ ಹಿಡಿಯಿತು. 1956ರಲ್ಲಿ, ವಿಜಾಪುರ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ, ಐಬಿಎಂ ಮೊದಲ ಹಾರ್ಡ್‌ಡಿಸ್ಕ್ ತಂದಿತು: 50 ತಟ್ಟೆ, ಸುಮಾರು 5 ಎಂಬಿ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಪ್ರಕಟಿಸಿದ ರೇಡ್ ಪ್ರಬಂಧದ ವಾದ, ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದವು ಹಲವು ಜೋಡಿಸಿ, ಒಂದು ಸತ್ತರೂ ಡೇಟಾ ಉಳಿಯೋ ಹಾಗೆ ಮಾಡಿ ಅಂತ. ಆದ್ರೂ ರೇಡ್ ಬ್ಯಾಕಪ್ ಅಲ್ಲ ನೋಡಿ. ತಪ್ಪಾಗಿ ಅಳಿಸಿದ ಫೈಲ್ ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತೆ.

ಹಾಗಾಗಿ ನನ್ನ ಲೆಕ್ಕ ಸರಳ. 8 ಟಿಬಿಯ ಒಂದು ಡಿಸ್ಕಿನ ದುಡ್ಡಲ್ಲಿ 4 ಟಿಬಿಯ ಎರಡು ತಗೊಳ್ಳಿ, ಒಂದೇ ಬ್ಯಾಚಿನವು ಬೇಡ. ಸಿಎಂಆರ್ ಇರಲಿ, ಎಸ್‌ಎಂಆರ್‌ನಲ್ಲಿ ಟ್ರ್ಯಾಕುಗಳು ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಕೆಟ್ಟ ಡಿಸ್ಕ್ ಬದಲಿಸಿ ರೇಡ್ ಮತ್ತೆ ಕಟ್ಟುವಾಗ ವಿಪರೀತ ನಿಧಾನ. ವೆಸ್ಟರ್ನ್ ಡಿಜಿಟಲ್‌ನ ಕೆಲವು ರೆಡ್ ಡಿಸ್ಕುಗಳಲ್ಲಿ ಇದು ಇದೆ ಅಂತ ಗೊತ್ತಾಗಿ 2020ರಲ್ಲಿ ದೊಡ್ಡ ಗಲಾಟೆ ಆಗಿತ್ತು. ಪ್ರೊಸೆಸರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಫೈಲ್ ಇಡೋಕೆ ಹಳೇ ಮಿನಿ ಪಿಸಿ ಸಾಕು. ಉಳಿದ ದುಡ್ಡಿಗೆ ಯುಪಿಎಸ್ ಒಂದು, ಇನ್ನೊಂದು ಹೊರಗಿನ ಡಿಸ್ಕ್ ಒಂದು. ಅದಕ್ಕೆ ಎಲ್ಲಾ ಕಾಪಿ ಮಾಡಿ ಹಬ್ಬಕ್ಕೆ ಹೋಗುವಾಗ ಊರಿಗೆ ಒಯ್ದು ಟ್ರೆಜರಿಯಲ್ಲಿಡಿ. ಮುಂದಿನ ಹಬ್ಬಕ್ಕೆ ತೆಗೆದು, ಓಪನ್ ಆಗುತ್ತಾ ನೋಡಿ, ಹೊಸದನ್ನು ಸೇರಿಸಿ ಇಟ್ಟು ಬನ್ನಿ.